ಮಾಸ್ಟರ್ ಸೊಂಟದ ಸರ್ಪಸುತ್ತು

ಬೆಳಿಗ್ಗೆ ಸೊಂಟದ ಎಡಬದಿಯಲ್ಲಿ ಉರಿ ಶುರುವಾದಾಗ ಟೈಲರ್ ಮಾಸ್ಟರ್ ಹೊಸ ಪ್ಯಾಂಟನ್ನು ದೂರಿದರು. ಆದರೆ ಅದು ಅವರೇ ಕತ್ತರಿಸಿದ ಪ್ಯಾಂಟು. ಹೆಚ್ಚು ದೂರುವಂತೆಯೂ ಇರಲಿಲ್ಲ.

ಅಂದು ಸಂಜೆ ಅಕ್ಕನ ಮಗಳು ಬರುವವಳಿದ್ದಳು. ಗಂಡ ಕೆಲಸದ ಮೇಲೆ ದೂರ ಹೋಗಿದ್ದ. ಬಸುರಿ ಹುಡುಗಿ ಒಬ್ಬಳೇ ಇರುವುದು ಬೇಡವೆಂದು ಒಂದು ತಿಂಗಳು ಸೋದರಮಾವನ ಮನೆಯಲ್ಲಿರಲು ಒಪ್ಪಿದ್ದಳು. ಮಾಸ್ಟರ್ ಅವಳಿಗಾಗಿ ಲೋಟ ಕೊಂಡಿದ್ದರು. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಎರಡನೆಯ ಲೋಟ ಬೇಕಾಗಿರಲೇ ಇಲ್ಲ. ಹಿಂದಿನ ದಿನ ಅವಳ ಮಂಚಕ್ಕೆ ಹೊಸ ಹೊದಿಕೆ ಹಾಸಿ, "ಬಾ ಪುಟ್ಟಿ, ಕೂತ್ಕೋ" ಎಂದು ಹೇಳಿ ಅಭ್ಯಾಸವನ್ನೂ ಮಾಡಿದ್ದರು. ಕೇಳಿಸಿಕೊಳ್ಳಲು ಯಾರೂ ಇಲ್ಲದಿದ್ದರೂ ಮೆಲುದನಿಯಲ್ಲಿ.

ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸಲು ಬಗ್ಗಿದಾಗ ಅವರ ಅಂಗಿ ಮೇಲೆ ಸರಿಯಿತು. ಇಸ್ತ್ರಿಯವನ ಕಣ್ಣು ಅಲ್ಲಿಗೇ ಬಿತ್ತು.

"ಮಾಸ್ಟರ್, ಸಾಲಾಗಿ ಗುಳ್ಳೆ ಎದ್ದಿದೆ. ಸರ್ಪಸುತ್ತು!"

ಗುಂಡಿ ಕಾಜಾ ಹಾಕುವವಳನ್ನು ಎಲ್ಲರೂ ಕರೆಯುವುದು ಕಾಜಕ್ಕ ಎಂದು. ಅವಳು ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಓಡಿಬಂದಳು. "ಅಯ್ಯಯ್ಯೋ! ಅದು ಸೊಂಟ ಸುತ್ತಿ ಎರಡೂ ತುದಿ ಕೂಡಿದ್ರೆ ಆಸಾಮಿ ಮುಗೀತು. ನಮ್ಮ ದೊಡ್ಡಪ್ಪನ ಷಡ್ಡಕರಿಗೆ ಕೂಡೇಬಿಡ್ತು."

"ತೀರ್ಕೊಂಡ್ರಾ?"

"ಇಲ್ಲ, ಇದಾರೆ. ಆದ್ರೆ ಅದೂ ಒಂದು ಬದುಕಾ?"

ಬೇರೆ ಅಂಗಡಿಯಾಗಿದ್ದರೆ ಮಾತಿನಲ್ಲೇ ಮುಗಿಯುತ್ತಿತ್ತು. ಇಲ್ಲಿ ಎಲ್ಲರ ಕೊರಳಲ್ಲೂ ಟೇಪು. ಇಸ್ತ್ರಿಯವನು ಸೊಂಟ ಅಳೆದ, ಕಾಜಕ್ಕ ಗುಳ್ಳೆ ಸಾಲಿನ ಎರಡು ತುದಿಗೂ ನೀಲಿ ಸೀಮೆಸುಣ್ಣದಿಂದ ಗೆರೆ ಎಳೆದಳು. ಒಂದೊಂದು ಅಂಗಿಯ ಬಟ್ಟೆ ಕತ್ತರಿಸಿ ಮುಗಿಸಿದಾಗಲೂ ಮತ್ತೆ ಅಳತೆ, ಮತ್ತೆ ಗೆರೆ. ಮಧ್ಯಾಹ್ನದ ಹೊತ್ತಿಗೆ ಮಾಸ್ಟರ್ ಸೊಂಟ ಆಲ್ಟ್ರೇಷನ್ನಿಗೆ ಬಂದ ಹಳೇ ಕೋಟಿನಂತಾಗಿತ್ತು. ಅವರು ಬೈದುಕೊಂಡೇ ನಿಂತಿದ್ದರೂ ಟೇಪು ತೆಗೆಯಿರಿ ಎನ್ನಲಿಲ್ಲ. ಇಷ್ಟು ವರ್ಷ ಅಳೆಯುವ ಕೈ ಅವರದು, ಮೈ ಬೇರೆಯವರದು. ತಮ್ಮನ್ನೂ ಒಬ್ಬರು ಅಳೆದರೆ ಹೀಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

"ಬಸುರಿ ಹುಡುಗಿ ಬರ್ತಾಳೆ ಅಂದ್ರಲ್ಲ ಮಾಸ್ಟರ್, ಅವಳಿಗೆ ಅಂಟಿದ್ರೆ?" ಎಂದ ಇಸ್ತ್ರಿಯವನು.

ಮಾಸ್ಟರ್ ಕತ್ತರಿಯನ್ನು ಅಲ್ಲೇ ಬಿಟ್ಟು ಓಡಿದರು.

ಡಾಕ್ಟರು ಅಂಗಿ ಎತ್ತಿಸಿ ಗೆರೆಗಳನ್ನು ನೋಡಿದರು. "ಇದನ್ನ ಎಲ್ಲಿ ಹೊಲಿಸ್ಬೇಕು ಅಂತಿದೀರಿ? ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ಆಗಿತ್ತಾ?"

"ಆಗಿತ್ತು."

"ಅದೇ ವೈರಸ್ಸು. ಗುಣ ಆದ್ಮೇಲೂ ಅದು ಹೋಗಲ್ಲ, ನರದಲ್ಲಿ ಮಲ್ಕೊಂಡಿರುತ್ತೆ. ಈಗ ಎದ್ದಿದೆ. ತುದಿ ಕೂಡೋದು, ಸಾಯೋದು ಎಲ್ಲ ಸುಳ್ಳು."

"ಅಂದ್ರೆ ಇಷ್ಟು ವರ್ಷ ನನ್ನ ಜೊತೇಲೇ ಇತ್ತಾ?"

"ಒಂದು ದಿನವೂ ಬಿಟ್ಟು ಹೋಗಿಲ್ಲ."

ಮಾಸ್ಟರ್ ಅಂಗಿಯನ್ನು ಗುಳ್ಳೆಗಳ ಮೇಲೆ ಮೆಲ್ಲಗೆ ಇಳಿಸಿಕೊಂಡರು. ಆಮೇಲೆ ಹುಡುಗಿಯ ವಿಷಯ ಕೇಳಿದರು.

"ಅವರಿಗೆ ಮುಂಚೆನೇ ಚಿಕನ್‌ಪಾಕ್ಸ್ ಆಗಿದ್ರೆ ಭಯ ಇಲ್ಲ, ಗುಳ್ಳೆ ಮುಚ್ಚಿಟ್ಕೊಳ್ಳಿ ಸಾಕು. ಆಗಿಲ್ಲ ಅಂದ್ರೆ ಹತ್ತಿರ ಬರೋದೇ ಬೇಡ."

ಹೊರಗೆ ಬಂದವರೇ ಅಕ್ಕನಿಗೆ ಫೋನ್ ಮಾಡಿದರು.

"ಆಗಿತ್ತಲ್ಲೋ!" ಎಂದಳು ಅಕ್ಕ. "ಐದನೇ ಕ್ಲಾಸಲ್ಲಿ. ಪರೀಕ್ಷೆ ತಪ್ಪಿತು ಅಂತ ಗುಳ್ಳೆ ಮೈಯಲ್ಲೇ ಹಾಸಿಗೆ ಮೇಲೆ ಕುಣಿದಿದ್ಲು."

ಮಾಸ್ಟರಿಗೂ ರಸ್ತೆಯಲ್ಲೇ ಕುಣಿಯಬೇಕೆನಿಸಿತು. ಆ ಸಂತೋಷದಲ್ಲಿ ಅಕ್ಕನ ಮಂಡಿನೋವಿನ ಕತೆಯನ್ನು, ಎಂದೂ ಇಲ್ಲದ ತಾಳ್ಮೆಯಿಂದ, ಕೊನೆಯವರೆಗೂ ಕೇಳಿದರು.

ಮನೆಗೆ ಬಂದು ಗುಳ್ಳೆಗಳ ಮೇಲೆ ಬಟ್ಟೆ ಕಟ್ಟಿಕೊಂಡರು. ಎರಡೂ ಲೋಟ ತೊಳೆದು ಮೇಜಿನ ಮೇಲಿಟ್ಟು ಬಾಗಿಲು ತೆರೆದು ಕೂತರು. ಕತ್ತಲಾಗುವ ಹೊತ್ತಿಗೆ ಫೋನ್ ಬಂತು. ಮಾತಿಗೆ ಮೊದಲು ಒಂದು ಸೀನು.

"ಮಾವ, ನಾನು ವಾಪಸ್ ಹೋಗ್ತಾ ಇದೀನಿ."

"ಯಾಕೆ ಪುಟ್ಟಿ? ನಿನಗೆ ಚಿಕನ್‌ಪಾಕ್ಸ್ ಆಗಿ ಹೋಗಿದೆ, ಏನೂ ಆಗಲ್ಲ ಅಂದ್ರು ಡಾಕ್ಟ್ರು!"

"ನನಗಲ್ಲ ಮಾವ, ನಿಮಗೆ! ನನಗೆ ಬೆಳಿಗ್ಗೆಯಿಂದ ಶೀತ. ಹೇಳೋಣ ಅಂತ ಫೋನ್ ಮಾಡಿದ್ರೆ ನಿಮ್ಮ ಲೈನು ಬಿಜಿ. ಅಂಗಡಿಗೆ ಮಾಡ್ದೆ, ಅಲ್ಲಿ ಒಬ್ಬರು ಅಕ್ಕ ಎಲ್ಲ ಹೇಳಿದ್ರು. ನಿಮ್ಮ ಮೈಯಲ್ಲಿ ಶಕ್ತಿನೇ ಇಲ್ವಂತೆ. ಇನ್ನೊಂದು ವೈರಸ್ ಹೊಕ್ರೆ ಎರಡೂ ತುದಿ ಕೂಡೇಬಿಡುತ್ತಂತೆ! ದಾರೀಲೇ ಇಳಿದು ಬೇರೆ ಬಸ್ ಹತ್ತಿದೆ."

"ಬರೀ ಶೀತ ತಾನೇ! ಬಾ ಮಗಾ, ನನಗೇನೂ ಆಗಲ್ಲ..."

"ಬೇಡ ಮಾವ. ನಿಮಗೇನಾದ್ರೂ ಆದ್ರೆ ನಾನು ತಡ್ಕೊಳ್ಳಲ್ಲ. ಗೆಳತಿ ಮನೇಲಿ ರೂಮು ಸಿಕ್ಕಿದೆ, ಒಂದು ತಿಂಗಳು ಅಲ್ಲೇ ಇರ್ತೀನಿ. ಮುಂದಿನ ವರ್ಷ ಮಗೂನ ಕರ್ಕೊಂಡೇ ಬರ್ತೀನಿ." ಇನ್ನೊಂದು ಸೀನು. ಫೋನ್ ಕಟ್ಟಾಯಿತು.

ಅದನ್ನು ಕೆಳಗಿಡುವ ಮೊದಲೇ ಮತ್ತೆ ಹೊಡೆದುಕೊಂಡಿತು. ಕಾಜಕ್ಕ.

"ಮಾಸ್ಟರ್, ಮನೆಗೆ ಹೋದ್ಮೇಲೆ ಒಂದ್ಸಲ ನೋಡ್ಕೊಂಡ್ರಾ? ಕೂಡ್ತಾ?"

ಮಾಸ್ಟರ್ ಮೇಜಿನ ಮೇಲಿನ ಎರಡು ಲೋಟಗಳನ್ನು ನೋಡಿದರು.

"ಇಲ್ಲ ಕಾಜಕ್ಕ. ಕೂಡಲಿಲ್ಲ."

"ಅಬ್ಬಾ! ನೋಡಿ, ಆ ಶೀತದ ಹುಡುಗೀನ ನಾನು ದಾರೀಲೇ ತಿರುಗಿಸಿ ಕಳಿಸಿದ್ದಕ್ಕೆ ಬಚಾವಾದ್ರಿ!"