ಐವತ್ತೊಂದನೆಯವರ ಊಟ

ಹೋಳೂರಿನ ಪೋಸ್ಟ್ ಮಾಸ್ಟರ್ ಅಮರನಾಥ್ ಆ ಭಾನುವಾರ ಬೆಳಿಗ್ಗೆ ಮಾಡಿದ ತಪ್ಪು ಒಂದೇ. ಹಾಸಿಗೆಯಲ್ಲಿ ಮಲಗಿಕೊಂಡೇ ತನ್ನ ಮದುವೆಯ ಫೋಟೋವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ, ಕೆಳಗೆ ‘ಇವತ್ತಿಗೆ ಐದು ವರ್ಷ’ ಎಂದು ಬರೆದ.

ಕೊರೊನಾ ಕಾಲದ ಮದುವೆ. ಫೋಟೋದಲ್ಲಿ ಗಂಡು, ಹೆಣ್ಣು, ಪುರೋಹಿತರು ಮೂವರಿಗೂ ಮಾಸ್ಕ್. ಆಪರೇಷನ್ ಥಿಯೇಟರಿನೊಳಗೆ ತಾಳಿ ಕಟ್ಟಿದ ಹಾಗಿತ್ತು. ಹೆಂಡತಿ ಶ್ಯಾಮಲಾ ನೋಡಿ ಖುಷಿಪಡಲಿ ಎಂಬುದಷ್ಟೇ ಅವನ ಆಸೆ. ಆದರೆ ಅವಳು ಮಾವಿನ ಸುಗ್ಗಿಗೆಂದು ಗೌನಿಪಲ್ಲಿಯ ತವರಿಗೆ ಹೋಗಿ ವಾರವಾಗಿತ್ತು. ಅಲ್ಲಿಯ ತೋಟದಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಹೋಳೂರಿನಲ್ಲಿ ಚೆನ್ನಾಗಿಯೇ ಸಿಗುತ್ತಿತ್ತು.

ಅವನು ಹಲ್ಲುಜ್ಜುವಷ್ಟರಲ್ಲಿ ಪಕ್ಕದ ಮನೆಯ ಭಾರತಮ್ಮ ಫೋನು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಏನಪ್ಪಾ ಅಮರ, ಐದು ವರ್ಷ ಆಗೋಯ್ತಾ? ನಮ್ಮ ಊಟ ಎಲ್ಲಿ?”

“ಆವಾಗ ಐವತ್ತು ಜನಕ್ಕಿಂತ ಜಾಸ್ತಿ ಸೇರಂಗಿಲ್ಲ ಅಂತ ರೂಲ್ಸ್ ಇತ್ತಲ್ಲ ಭಾರತಕ್ಕ.”

“ಪಕ್ಕದ ಮನೆಯೋಳು ನಿನಗೆ ಐವತ್ತೊಂದನೆಯೋಳಾ? ನಾನೂ ನಮ್ಮನೆಯವರೂ ಮಹಡಿ ಮೇಲೆ ನಿಂತ್ಕೊಂಡು ನಿಮ್ಮ ಸಾರಿನ ವಾಸನೆ ಕುಡಿದಿದ್ದೀವಿ ಕಣೋ!”

ಅಮರನಾಥನಿಗೆ ಪಾಪವೆನಿಸಿತು. ಮಧ್ಯಾಹ್ನ ಸ್ವಲ್ಪ ಪಾಯಸ ಮಾಡುತ್ತೇನೆ, ಬನ್ನಿ ಎಂದುಬಿಟ್ಟ. ಭಾರತಮ್ಮ ನಗುನಗುತ್ತಾ ಹೋದಳು. ನೆಟ್ಟಗೆ ಮನೆಗೆ ಹೋಗಲಿಲ್ಲ.

ಎಂಟೂವರೆಗೆ ಊರಿನ ಹಿರಿಯ ದೊಡ್ಡಮುನಿಯಪ್ಪ ಕೋಲೂರಿಕೊಂಡು ಬಂದು ಜಗಲಿಯ ಮೇಲೆ ಕುಳಿತರು. ಮಾತಿಗೆ ಮುಂಚೆ ಒಂದು ನಿಟ್ಟುಸಿರು ಬಿಟ್ಟರು.

“ಭಾರತಮ್ಮನ್ನ ಮಾತ್ರ ಊಟಕ್ಕೆ ಕರೆದೆಯಂತೆ?”

“ಊಟ ಅಲ್ಲ ತಾತ, ಒಂದು ಲೋಟ ಪಾಯಸ.”

“ಇರ್ಲಿ. ಕೊರೊನಾ ಹೋಗ್ಲಿ, ಊರಿಗೆಲ್ಲ ಊಟ ಹಾಕ್ತೀನಿ ಅಂತ ಹೇಳಿದ್ದು ಯಾರು?”

“ನಾನೇ.”

“ಕೊರೊನಾ ಹೋಯ್ತಾ?”

“ಹೋಯ್ತು.”

“ಊಟ ಬಂತಾ?”

ಅಮರನಾಥ್ ತಲೆ ತಗ್ಗಿಸಿದ. ಈ ಐದು ವರ್ಷದಲ್ಲಿ ಅವನು ಊರಿನ ಒಂದು ಮದುವೆಯನ್ನೂ ಬಿಟ್ಟವನಲ್ಲ. ತಾತನ ಮೊಮ್ಮಗಳ ಮದುವೆಯಲ್ಲಿ ಮೂರು ಸಲ ಹೋಳಿಗೆ ಹಾಕಿಸಿಕೊಂಡಿದ್ದ. ಹೋದಲ್ಲೆಲ್ಲ ಎಲೆಯ ಮುಂದೆ ಕುಳಿತಾಗ ಯಾರಾದರೊಬ್ಬರು, “ನಿಂದು ಯಾವಾಗಪ್ಪಾ?” ಎಂದು ಕೇಳುತ್ತಿದ್ದರು. ಆಗ ಬಾಯಲ್ಲಿದ್ದ ತುತ್ತು ಕಲ್ಲಾಗುತ್ತಿತ್ತು.

“ಒಂದಿನ ಹಾಕೋಣ ತಾತ,” ಎಂದ.

“ಒಂದಿನ ಯಾಕೆ? ಇವತ್ತೂ ಒಂದಿನಾನೇ,” ಎಂದು ದೊಡ್ಡಮುನಿಯಪ್ಪ ಎದ್ದರು.

ಅರ್ಧ ಗಂಟೆಯಲ್ಲಿ ಅಡುಗೆಯ ಕದಿರೇಶ್ ಶಾಮಿಯಾನ, ಹಂಡೆ, ಕೊಳಗಗಳ ಸಮೇತ ಗಾಡಿ ತಂದು ನಿಲ್ಲಿಸಿದ. ಊರಿನವರು ಕೈ ಕಟ್ಟಿ ಕೂರಲಿಲ್ಲ. ಒಬ್ಬರು ಟೊಮೇಟೊ ಕ್ರೇಟು, ಒಬ್ಬರು ಬೀನ್ಸು, ಇನ್ನೊಬ್ಬರು ರಾಗಿ ಹಿಟ್ಟು ಹೊತ್ತು ತಂದರು. ಮೂರು ಅಡಿ ದೂರ ನಿಲ್ಲಿ ಎಂದು ಹಿಂದೊಮ್ಮೆ ಅಮರನಾಥ್ ಸುಣ್ಣದಲ್ಲಿ ವೃತ್ತ ಬರೆದಿದ್ದ ಅಂಗಳದಲ್ಲಿ ಈಗ ಮೊಣಕೈ ಆಡಿಸಲು ಜಾಗವಿರಲಿಲ್ಲ.

ಅವನು ಶ್ಯಾಮಲಾಗೆ ಎಂಟು ಸಲ ಫೋನ್ ಮಾಡಿದ. ವ್ಯಾಪ್ತಿ ಪ್ರದೇಶದ ಹೊರಗಿದ್ದಳು.

“ಮದುವೆ ಊಟ ಅಂದ್ಮೇಲೆ ಗಂಡು ಬನೀನಲ್ಲಿ ಓಡಾಡೋದಾ?” ಎಂದು ಭಾರತಮ್ಮ ತಗಾದೆ ತೆಗೆದಳು. ಹೆಂಗಸರೆಲ್ಲ ಸೇರಿ ಅವನನ್ನು ಹಿಡಿದು ಕೂರಿಸಿ ಕೆನ್ನೆಗೆ ಅರಿಶಿನ ಮೆತ್ತಿದರು. ಯಾರೋ ತಲೆಗೆ ಪೇಟ ಇಟ್ಟರು. ಕದಿರೇಶ್ ಒಂದು ಫೋಟೋ ಹೊಡೆದ. ಲಾಕ್‌ಡೌನ್ ಆದಮೇಲೆ ಮನೆಮನೆಗೆ ಹೋಗಿ ಕರೆಯುವ ಪದ್ಧತಿ ಕಮ್ಮಿಯಾಗಿತ್ತಲ್ಲ, ಫೋಟೋದ ಕೆಳಗೆ ಬರೆದು ಫೋನಿನಲ್ಲೇ ಎಲ್ಲ ಗ್ರೂಪಿಗೂ ಕಳಿಸಿದ: ‘ಹೋಳೂರು ಪೋಸ್ಟ್ ಮಾಸ್ಟರ್ ಅಮರನಾಥ್ ಮದುವೆ. ಇವತ್ತು ಮಧ್ಯಾಹ್ನ ಊಟ. ಎಲ್ಲರೂ ಬನ್ನಿ.’

ಆ ಫೋಟೋ ಹೋಳೂರಿನಿಂದ ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋಯಿತು. ಮಂಡಿಯಲ್ಲಿ ಹಣ್ಣು ಇಳಿಸುತ್ತಿದ್ದ ಗೌನಿಪಲ್ಲಿಯವನೊಬ್ಬ ಅದನ್ನು ನೋಡಿದ. ಹಣ್ಣನ್ನು ಅಲ್ಲೇ ಬಿಟ್ಟು ಊರಿಗೆ ಓಡಿದ.

ಒಂದು ಗಂಟೆಗೆ ಮೊದಲ ಪಂಕ್ತಿಗೆ ಎಲೆ ಹಾಕಿ ಉಪ್ಪು ಬಡಿಸುತ್ತಿದ್ದರು. ಆಗ ಮಾವಿನ ಟೆಂಪೊ ಒಂದು ಬಂದು ಶಾಮಿಯಾನಕ್ಕೆ ಮೂತಿ ತಾಗಿಸಿ ನಿಂತಿತು. ಹಿಂದಿನಿಂದ ಹತ್ತು ಜನ ಧುಮುಕಿದರು. ಎಲ್ಲರ ಕೈಯಲ್ಲೂ ಮಾವು ಕೀಳುವ ಉದ್ದನೆಯ ಕೋಲು. ಮುಂದಿನಿಂದ ಮಾವ ಮುನಿಶಾಮಿಯೂ ಒಂದು ಕೋಲು ಹಿಡಿದೇ ಇಳಿದರು. ಕೋಪ ಬಂದರೆ ಅವರ ಕನ್ನಡಕ್ಕೆ ತೆಲುಗು ನುಗ್ಗಿ, ಅಳಿಯ ‘ಅಲ್ಲುಡು’ ಆಗುತ್ತಿದ್ದ, ಮದುವೆ ‘ಪೆಳ್ಳಿ’ ಆಗುತ್ತಿತ್ತು.

“ಏಮಯ್ಯಾ ಅಲ್ಲುಡೂ! ನನ್ನ ಮಗಳು ಗುಂಡುಕಲ್ಲಿನ ಹಾಗೆ ಇರೋವಾಗ್ಲೇ ಇನ್ನೊಂದು ಪೆಳ್ಳಿನಾ?”

ಅವರ ಹಿಂದೆ ಶ್ಯಾಮಲಾ. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಗಂಡನ ಪೇಟ, ಅರಿಶಿನದ ಕೆನ್ನೆ ಎಲ್ಲ ನೋಡಿದಳು.

“ಎಲ್ರೀ ಅವಳು?”

“ಯಾರೇ?”

“ಮದುವೆ ಹೆಣ್ಣು!”

“ನೀನೇ ಕಣೇ!”

“ಮಾಡೋದು ಮಾಡಿ ತಮಾಷೆ ಬೇರೆನಾ?” ಎಂದು ಅವಳು ಅಪ್ಪನ ಕೈಯಿಂದ ಕೋಲು ಕಿತ್ತುಕೊಂಡಳು.

ಅಮರನಾಥ್ ಸಾಂಬಾರಿನ ಕೊಳಗದ ಹಿಂದೆ ಹೋಗಿ ನಿಂತ. ಇನ್ನೂರು ಜನ ಒಟ್ಟಿಗೇ ವಿಷಯ ವಿವರಿಸಲು ಹೊರಟಿದ್ದರಿಂದ ಯಾರ ಮಾತೂ ಯಾರಿಗೂ ಕೇಳಲಿಲ್ಲ. ಕೊನೆಗೆ ಭಾರತಮ್ಮ ಶ್ಯಾಮಲಾಳ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದಳು. ಶ್ಯಾಮಲಾ ಕೋಲು ಕೆಳಗೆ ಹಾಕಿದಳು. ಮುನಿಶಾಮಿಯವರು ಹಂಡೆಗಳ ಕಡೆ ತಿರುಗಿ ಎರಡು ಸಲ ಮೂಸಿ, “ಪಾಯಸಾನಾ?” ಎಂದು ಕೇಳಿದರು. ಜಗಳ ಮುಗಿಯಿತು.

ಇಬ್ಬರಿಗೂ ಹಾರ ಹಾಕಿ ಚಾಪೆಯ ಮೇಲೆ ಕೂರಿಸಿದರು. ಐದು ವರ್ಷದ ಹಿಂದೆ ಐವತ್ತು ಕೈಗಳು ದೂರದಿಂದ ಹಾಕಿದ ಅಕ್ಷತೆಗೆ ಸ್ಯಾನಿಟೈಸರ್ ವಾಸನೆ ಇತ್ತು. ಇವತ್ತು ಊರಿಗೆ ಊರೇ ಮೈಮೇಲೆ ಬಿದ್ದು ಹಾಕಿತು. ಅವನ ಕಿವಿಯೊಳಗೂ ಎರಡು ಕಾಳು ಹೋದವು.

“ಅವತ್ತು ತಾಳಿ ಕಟ್ಟೋವಾಗ ನಿಮ್ಮ ಮುಖಾನೇ ಕಾಣ್ಲಿಲ್ಲ,” ಎಂದು ಶ್ಯಾಮಲಾ ಮೆಲ್ಲಗೆ ಹೇಳಿದಳು.

“ಇವತ್ತು ಕಾಣ್ತಿದೆಯಾ?”

“ಎಲ್ಲಿ? ಬರೀ ಅರಿಶಿನ,” ಎಂದು ನಕ್ಕಳು.

ಮೂರು ಪಂಕ್ತಿ ಎದ್ದವು. ಅಮರನಾಥನಿಗೆ ಬೆನ್ನ ಮೇಲಿನ ಮೂಟೆ ಇಳಿದಂತಾಯಿತು. ಇನ್ನು ಯಾವ ಮದುವೆಗಾದರೂ ತಲೆಯೆತ್ತಿಕೊಂಡು ಹೋಗಿ ನಾಲ್ಕು ಹೋಳಿಗೆ ಹಾಕಿಸಿಕೊಳ್ಳಬಹುದು.

ದೊಡ್ಡಮುನಿಯಪ್ಪ ಕೈ ತೊಳೆದು, ತೇಗಿ, ಅವನ ಭುಜ ತಟ್ಟಿದರು.

“ಊಟ ಭೇಷಾಗಿತ್ತು ಕಣಪ್ಪಾ. ಮದುವೆ ಚೆನ್ನಾಗಾಯ್ತು. ಹೆಣ್ಣಿನ ಕಡೆಯೋರೂ ಬಂದವ್ರೆ. ಇನ್ನು ಬೀಗರೂಟ ಯಾವತ್ತು?”

ಎಲೆ ಎತ್ತುತ್ತಿದ್ದವರೂ ನಿಂತರು.

“ಬೀ... ಬೀಗರೂಟಾನಾ?”

“ಮದುವೆ ಆದ್ಮೇಲೆ ಬಾಡೂಟ ಹಾಕ್ದೆ ಇರ್ತಾರೇನೋ? ಯಾರಾದ್ರೂ ಕೇಳಿದ್ರೆ ನಗಲ್ವಾ?” ಎಂದಳು ಭಾರತಮ್ಮ.

ಅಮರನಾಥ್ ಕಾಪಾಡಿ ಎನ್ನುವಂತೆ ಮಾವನ ಕಡೆ ನೋಡಿದ. ಮುನಿಶಾಮಿಯವರು ಕಣ್ಣು ಮುಚ್ಚಿಕೊಂಡು ಬೆರಳು ಮಡಿಸುತ್ತಿದ್ದರು.

“ನಮ್ಮ ಗೌನಿಪಲ್ಲಿಯೋರೇ ಒಂದು ನಾನೂರು ಜನ ಆಗ್ತಾರೆ. ಬರೋ ಭಾನುವಾರ ಆಗುತ್ತಾ ಅಲ್ಲುಡೂ?”

ಊರೆಲ್ಲ ಆಗುತ್ತೆ ಎಂದಿತು.

ಅಮರನಾಥ್ ಹೆಂಡತಿಯ ಕೈ ಹಿಡಿದುಕೊಂಡ. “ಶ್ಯಾಮಲಾ, ಇವತ್ತಿಂದ ಇಲ್ಲೇ ಇದ್ಬಿಡೇ. ನಾನೊಬ್ಬನೇ ಹೆಂಗೆ ನಿಭಾಯಿಸ್ಲಿ?”

ಶ್ಯಾಮಲಾ ಹಾರ ತೆಗೆದು ಅವನ ಕೈಗಿಟ್ಟು, ಸೆರಗು ಸರಿಮಾಡಿಕೊಂಡು ಟೆಂಪೊ ಹತ್ತಿದಳು.

“ಅದೆಂಗಾಗುತ್ತೆ ರೀ? ನಾನು ಹೆಣ್ಣಿನ ಕಡೆಯೋಳು. ಭಾನುವಾರ ಎಲ್ಲರ ಜೊತೆ ಊಟಕ್ಕೆ ಬರ್ತೀನಿ.”