ಮುನ್ನೂರು ವ್ಯಾಟಿನ ಹೊಸ ಯಂತ್ರ ಕಳುಹಿಸಬಾರದೆಂದು ವಿನಂತಿ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸಂತೋಷ ವಿಭಾಗ.
ಬಹಿರಂಗ ಪತ್ರದಲ್ಲಿ ಕಂಪನಿಯ ಹೆಸರು ಹಾಕುವುದು ಬೇಡವೆಂದು ಮಗ ಹೇಳಿರುವುದರಿಂದ ಬಿಟ್ಟಿದ್ದೇನೆ. ತಾವು ಯಾರೆಂದು ತಮಗೆ ಗೊತ್ತಿದೆ.

ಕಿಂಗ್ಸ್‌ಬರಿ, ಲಂಡನ್
ನವೆಂಬರ್ ತಿಂಗಳ ಮೊದಲ ಸೋಮವಾರ

ಮಾನ್ಯರೇ,

ಮೂರನೇ ಮಹಡಿಯ ಫ್ಲ್ಯಾಟಿನಿಂದ ಗುಲಾಬಿ ಎಂಬ ಹೆಸರಿನ ನಾನು ಮಾಡುವ ನಮಸ್ಕಾರಗಳು. ತಾವೂ ತಮ್ಮ ವಿಭಾಗದ ಸಮಸ್ತ ಸಂತೋಷವೂ ಕ್ಷೇಮವೆಂದು ನಂಬಿದ್ದೇನೆ. ಕಳೆದ ವಾರ ತಮ್ಮ ಕಾಗದ ತಲುಪಿತು. ನಮ್ಮ ಯಜಮಾನರು ಸಿಗರೇಟಿನ ಬದಲು ಆವಿ ಸೇದಲೆಂದು ತಂದ ತಮ್ಮ ಇನ್ನೂರ ಇಪ್ಪತ್ತು ವ್ಯಾಟಿನ ವೇಪ್ ಯಂತ್ರ ರಿಪೇರಿಗೆ ಬಂದಿದೆಯೆಂದೂ, ಅದರ ಗಾಳಿಯ ತೂತುಗಳಲ್ಲಿ ‘ಗುರುತು ಹಚ್ಚಲಾಗದ ಕೆಂಪು ಪುಡಿ ಮತ್ತು ಒಣಗಿದ ಹಳದಿ ಲೇಪ’ ಸಿಕ್ಕಿದೆಯೆಂದೂ, ಇಂಥ ದುರ್ಬಳಕೆ ಗ್ಯಾರಂಟಿಯೊಳಗೆ ಬರುವುದಿಲ್ಲವೆಂದೂ, ಆದರೂ ನಾನು ತಮ್ಮ ಅಮೂಲ್ಯ ಗ್ರಾಹಕಳಾದ ಕಾರಣ ಮುನ್ನೂರು ವ್ಯಾಟಿನ ಹೊಸ ಮಾದರಿಯೊಂದನ್ನು ಉಚಿತವಾಗಿ ಕಳುಹಿಸುತ್ತಿದ್ದೀರೆಂದೂ ಅದರಲ್ಲಿ ಬರೆದಿತ್ತು. ಇಷ್ಟು ಔದಾರ್ಯವನ್ನು ನನ್ನ ಒಡಹುಟ್ಟಿದವರೂ ತೋರಿಸಿದ್ದಿಲ್ಲ. ಆದ್ದರಿಂದಲೇ ಈ ದೂರು ಬರೆಯುತ್ತಿದ್ದೇನೆ.

ದಯವಿಟ್ಟು ಅದನ್ನು ಕಳುಹಿಸಬೇಡಿ.

ಉಚಿತವಾಗಿ ಬಂದದ್ದನ್ನು ಕಾರಣ ಹೇಳದೆ ಬೇಡವೆನ್ನುವುದು ಮರ್ಯಾದೆಯಲ್ಲವಾದ್ದರಿಂದ ವಿವರವಾಗಿ ತಿಳಿಸುತ್ತೇನೆ. ಯಜಮಾನರ ಹೆಸರು ವೆಂಕಪ್ಪ. ಬಾಯಲ್ಲಿ ಹೇಳುವ ರೂಢಿಯಿಲ್ಲ, ಕಾಗದಕ್ಕೆ ಬೇಕೆಂದು ಬರೆದಿದ್ದೇನೆ. ಉಡುಪಿಯಲ್ಲಿ ಹದಿನೇಳನೆಯ ವಯಸ್ಸಿಗೆ ಹೋಟೆಲಿನ ದೋಸೆಕಾವಲಿಯ ಮುಂದೆ ನಿಂತವರು, ಅದೇ ವರ್ಷ ಬೀಡಿ ಹಚ್ಚಿದರು, ಲಂಡನ್ನಿಗೆ ಬಂದ ಮೇಲೆ ಸಿಗರೇಟಿಗೆ ಬಡ್ತಿ ಪಡೆದರು. ಈಗ ಅರವತ್ತೆರಡು. ಹೋದ ವರ್ಷದಿಂದ ಟ್ಯೂಬ್ ಸ್ಟೇಷನ್ನಿನಿಂದ ಮನೆಗೆ ಬರುವಾಗ ದಾರಿಯ ಮೊಬೈಲ್ ಅಂಗಡಿಯ ಕಿಟಕಿಯೆದುರು ಐದೈದು ನಿಮಿಷ ನಿಲ್ಲುತ್ತಿದ್ದರು. ಈ ವಯಸ್ಸಿಗೆ ಇವರಿಗೆ ಮೊಬೈಲಿನ ಹುಚ್ಚು ಹಿಡಿಯಿತೆಂದು ನಾನು ತಿಳಿದಿದ್ದೆ. ಅದು ಕಾಲುನೋವು ಇಳಿಯಲೆಂದು ನಿಲ್ಲುವ ಉಪಾಯವೆಂಬುದು ಡಾಕ್ಟರು ಹೇಳಿದ ಮೇಲೆ ತಿಳಿಯಿತು.

ಬಲಗಾಲಿನ ರಕ್ತನಾಳ ಕಟ್ಟಿದೆ. ಆಪರೇಷನ್ ಮಾಡಬಹುದು, ಆದರೆ ಸಿಗರೇಟು ನಿಲ್ಲದೆ ಮಾಡಿದರೆ ಹಾಕಿದ ಹೊಸ ನಾಳವೂ ಕಟ್ಟುತ್ತದೆ, ಆಮೇಲೆ ಬೆರಳು ಹೋಗುತ್ತದೆ, ಆಮೇಲೆ ಪಾದ ಹೋಗುತ್ತದೆ ಎಂದು ಆಸ್ಪತ್ರೆಯ ಡಾಕ್ಟರು ತುಂಬ ಸಾವಧಾನವಾಗಿ ವಿವರಿಸಿದರು. ಸಿಗರೇಟು ಬಿಡಿಸುವ ನರ್ಸಮ್ಮನ ಬಳಿ ಊದುವ ಯಂತ್ರವೊಂದಿದೆ. ಊದಿದರೆ ಒಂದು ಸಂಖ್ಯೆ ಬರುತ್ತದೆ. ಐದಕ್ಕಿಂತ ಮೇಲಿದ್ದರೆ ಸೇದಿದ್ದಾರೆ ಎಂದರ್ಥ. ಜುಲೈಯಲ್ಲಿ ಯಜಮಾನರ ಸಂಖ್ಯೆ ಇಪ್ಪತ್ತನಾಲ್ಕು ಇತ್ತು. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ, ಜೊತೆಗೆ ಪೆನ್ನಿನಷ್ಟು ಸಣ್ಣದೊಂದು ವೇಪ್ ಇದ್ದರೆ ಸಾಕೆಂದು ಆಕೆ ಹೇಳಿ ಕಳುಹಿಸಿದರು.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಮಿಕ್ಸಿ ಕೊಳ್ಳುವಾಗ ವ್ಯಾಟ್ ಎಷ್ಟೆಂದು ಕೇಳುವ ಜನ ನಾವು. ಐನೂರರ ಮಿಕ್ಸಿ ಚಟ್ನಿಗೆ ಮಾತ್ರ, ಏಳುನೂರ ಐವತ್ತಾದರೆ ಇಡ್ಲಿ ಹಿಟ್ಟಿಗೂ ಆಯಿತು ಎಂಬ ಜ್ಞಾನ ನನಗೆ ತವರಿನಿಂದ ಬಂದದ್ದು. ನರ್ಸಮ್ಮ ಹೇಳಿದ ವೇಪ್ ಹದಿನೈದು ವ್ಯಾಟಿನದು. ನಲವತ್ತೈದು ವರ್ಷದ ಚಟ ಹದಿನೈದು ವ್ಯಾಟಿಗೆ ಬಗ್ಗೀತೇ ಎಂದು ನಾನು ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ತೋರಿಸಲು ಹೇಳಿದೆ. ಇದು ಹೊಗೆಯ ಮೋಡ ಬಿಡುವ ಸ್ಪರ್ಧೆಗೆ ಹೋಗುವವರ ಯಂತ್ರ, ಯಾರಿಗೆ ಬೇಕಿತ್ತು ಎಂದು ಅಂಗಡಿಯವರು ಕೇಳಿದರು. ದೋಸೆ ಹೊಯ್ಯುವವರಿಗೆ ಎಂದೆ. ಪಾಪ, ಅವರು ಕೂಡಲೇ ಬಿಲ್ ಹಾಕಿದರು.

ಇನ್ನು ಪರೀಕ್ಷೆಯ ವಿಷಯ. ನಾನು ಪಾರ್ಕ್ ರಾಯಲ್‌ನ ಚಪಾತಿ ಫ್ಯಾಕ್ಟರಿಯಲ್ಲಿ ಇಪ್ಪತ್ತೊಂದು ವರ್ಷ ಗುಣಮಟ್ಟ ನೋಡುವ ಕೆಲಸದಲ್ಲಿದ್ದು ಹೋದ ವರ್ಷ ನಿವೃತ್ತಳಾದವಳು. ಪ್ರತಿ ಬ್ಯಾಚಿನಿಂದ ಹನ್ನೆರಡು ಚಪಾತಿ ತೆಗೆದು ಅಗಲ, ದಪ್ಪ, ಕಪ್ಪು ಚುಕ್ಕೆ, ಮಡಿಸಿದರೆ ಹರಿಯುತ್ತದೆಯೋ ಇಲ್ಲವೋ ಎಂದು ನೋಡಿ ಬರೆದಿಡುತ್ತಿದ್ದೆ. ಮನೆಯಲ್ಲಿ ಅಂಥದ್ದೇನೂ ಸಿಗದೆ ಕೈ ಸುಮ್ಮನಿರುತ್ತಿರಲಿಲ್ಲ. ತಮ್ಮ ಯಂತ್ರ ಬಂದ ದಿನವೇ ಹಾಳೆ ಸಿಕ್ಕಿಸುವ ಹಳೆಯ ಹಲಗೆ, ಪೆನ್ನು, ಸ್ಟಾಪ್‌ವಾಚ್ ಹೊರಗೆ ತೆಗೆದೆ. ಪ್ರತಿ ಸಂಜೆ ಆರು ಗಂಟೆಗೆ ಯಜಮಾನರನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿನ ಗೋಡೆಯ ಕ್ಯಾಲೆಂಡರಿಗೂ ನನಗೂ ನಡುವೆ ಅವರು ಬರುವಂತೆ ಸೋಫಾದಲ್ಲಿ ಕುಳಿತು ಪರೀಕ್ಷೆ ನಡೆಸಿದೆ.

ಅರವತ್ತು ವ್ಯಾಟಿಗೆ ಕ್ಯಾಲೆಂಡರಿನ ತಾರೀಕು ಕಾಣುತ್ತಿತ್ತು, ತಿಥಿ ಕಾಣುತ್ತಿರಲಿಲ್ಲ. ನೂರ ಇಪ್ಪತ್ತಕ್ಕೆ ಕ್ಯಾಲೆಂಡರಿನ ಲಕ್ಷ್ಮಿ ಮರೆಯಾದಳು. ಇನ್ನೂರ ಇಪ್ಪತ್ತಕ್ಕೆ ಏರಿಸಿದಾಗ ಯಜಮಾನರೇ ಇರಲಿಲ್ಲ. ಭುಜ ಕಾಣಲು ನಲವತ್ತು ಸೆಕೆಂಡು ಬೇಕಾಯಿತು, ಮುಖಕ್ಕೆ ಐವತ್ತೆರಡು. ಮಾವಿನ ಸುವಾಸನೆಯ ದ್ರವವಾದ್ದರಿಂದ ಪರದೆ, ಹೊದಿಕೆ, ಕೊನೆಗೆ ಮಾಡಿದ ಸಾರಿಗೂ ಮಾವಿನ ಪರಿಮಳ ಹತ್ತಿತು. ಎರಡನೆಯ ದಿನ ಹಾಲ್‌ನಲ್ಲಿರುವ ಹೊಗೆಯ ಅಲಾರಂ ಬಡಿದುಕೊಂಡು ಕೆಳಗಿನ ಮನೆಯವರು ಮಕ್ಕಳನ್ನೆತ್ತಿಕೊಂಡು ಬೀದಿಗಿಳಿದದ್ದರಿಂದ, ಮಗ ರೋಷನ್ ಅಪ್ಪನ ಕುರ್ಚಿಯನ್ನು ಬಾಲ್ಕನಿಯ ಬಾಗಿಲಿಗೆ ಸರಿಸಿದ. ಆಮೇಲೆ ಯಾವ ತೊಂದರೆಯೂ ಆಗಲಿಲ್ಲ. ಹತ್ತಕ್ಕೆ ಒಂಬತ್ತೂವರೆ ಅಂಕ ಹಾಕಿದೆ. ಚಪಾತಿಗೆ ನಾನು ಒಂಬತ್ತರ ಮೇಲೆ ಹಾಕಿದ್ದಿಲ್ಲ.

ಆ ಸಂತೋಷದಲ್ಲೇ ರೋಷನ್ನನ ಕೈಯಲ್ಲಿ ತಮ್ಮ ವೆಬ್‌ಸೈಟಿನಲ್ಲಿ ನಾಲ್ಕು ಸಾಲು ಬರೆಸಿ ಐದು ನಕ್ಷತ್ರ ಕೊಟ್ಟೆ. ‘ಬಹಳ ಒಳ್ಳೆಯ ಯಂತ್ರ. ಗಂಡ ಕಾಣುವುದೇ ಇಲ್ಲ’ ಎಂಬ ನನ್ನ ಅಭಿಪ್ರಾಯವನ್ನು ತಾವು ದೊಡ್ಡ ಅಕ್ಷರದಲ್ಲಿ ಮೊದಲ ಪುಟದಲ್ಲೇ ಹಾಕಿದ್ದೀರಿ, ಇವತ್ತಿಗೂ ಅದು ಅಲ್ಲಿದೆ. ಜೀವಮಾನದಲ್ಲಿ ನನ್ನ ಮಾತು ಅಚ್ಚಾದದ್ದು ಅದೊಂದೇ.

ಆಗಸ್ಟಿನಲ್ಲಿ ಕ್ಲಿನಿಕ್ಕಿಗೆ ಹೋದಾಗ ಯಜಮಾನರು ಊದಿದರು, ಇಪ್ಪತ್ತೆರಡು ಬಂತು. ಸೆಪ್ಟೆಂಬರಿನಲ್ಲಿ ಇಪ್ಪತ್ತಮೂರು. ವೇಪಿನ ಆವಿಯಿಂದ ಈ ಸಂಖ್ಯೆ ಏರುವುದಿಲ್ಲ, ನಿಜವಾಗಿ ಸಿಗರೇಟು ನಿಂತಿದೆಯೇ ಎಂದು ನರ್ಸಮ್ಮ ನನ್ನ ಮುಖ ನೋಡಿ ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಕೈಚೀಲದಿಂದ ಎಂಟು ವಾರದ ಪರೀಕ್ಷೆಯ ಹಾಳೆಗಳನ್ನು ತೆಗೆದು ಆಕೆಯ ಮೇಜಿನ ಮೇಲೆ ಹರಡಿ, ನಮ್ಮ ಯಂತ್ರ ಸರಿಯಿದೆ, ನಿಮ್ಮ ಊದುವ ಯಂತ್ರವನ್ನೇ ಯಾರಾದರೂ ಪರೀಕ್ಷಿಸಿ ಎಷ್ಟು ಕಾಲವಾಯಿತು ಎಂದು ಸರಿಯಾಗಿ ಮಂಗಳಾರತಿ ಮಾಡಿದೆ. ಯಜಮಾನರು ಪಕ್ಕದಲ್ಲೇ ಕುಳಿತು ನೆಲ ನೋಡುತ್ತಿದ್ದರು. ಹೆಂಡತಿ ಜೋರು ಮಾಡಿದ್ದಕ್ಕೆ ಮುಜುಗರವಾಗಿರಬೇಕೆಂದುಕೊಂಡೆ.

ಈಗ ತಮ್ಮ ತಂತ್ರಜ್ಞರಿಗೆ ಗುರುತು ಸಿಗದ ಕೆಂಪು ಪುಡಿಗೆ ಬರುತ್ತೇನೆ. ಅದು ಕುಂಕುಮ. ಹಳದಿ ಲೇಪ ಗಂಧ. ಅಕ್ಟೋಬರಿನಲ್ಲಿ ಆಯುಧಪೂಜೆಯ ದಿನ ನಮ್ಮಲ್ಲಿ ಅನ್ನ ಕೊಡುವ, ಜೀವ ಕಾಯುವ ಸಲಕರಣೆಗಳನ್ನೆಲ್ಲ ತೊಳೆದು ಸಾಲಾಗಿಟ್ಟು ಪೂಜೆ ಮಾಡುತ್ತೇವೆ. ದೋಸೆಕಾವಲಿ, ಮಿಕ್ಸಿ, ಹೊಲಿಗೆಯಂತ್ರ, ರೋಷನ್ನನ ಲ್ಯಾಪ್‌ಟಾಪ್, ಇವುಗಳ ನಡುವೆ ತಮ್ಮ ಯಂತ್ರಕ್ಕೆ ಮಣೆ ಹಾಕಿ ಕೂರಿಸಿದ್ದೆ. ಕಾಲು ಉಳಿಸುವ ಯಂತ್ರವೆಂದು ಅದಕ್ಕೆ ಸ್ವಲ್ಪ ಹೆಚ್ಚೇ ಗಂಧ ಹಚ್ಚಿದೆ. ಬುಡದ ಸುತ್ತಲಿನ ತೂತುಗಳು ಬರೀ ಅಲಂಕಾರವೆಂದು ತಿಳಿದು, ಒಂದೊಂದಕ್ಕೂ ಬೆರಳಿನಿಂದ ಗಂಧ ಒತ್ತಿ ಅದರ ಮೇಲೆ ಕುಂಕುಮವಿಟ್ಟೆ. “ಅಮ್ಮಾ, ಇಟ್ಸ್ ಎ ವೇಪ್, ನಾಟ್ ಎ ಲಾರಿ” ಎಂದು ರೋಷನ್ ಹೇಳಿದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಪೂಜೆಗಿಟ್ಟದ್ದನ್ನು ಆ ದಿನ ಮುಟ್ಟುವಂತಿಲ್ಲವಾದ್ದರಿಂದ ಯಜಮಾನರಿಗೆ ವೇಪ್ ಇರಲಿಲ್ಲ. ಅವರು ಅಂದು ಮೂರು ಸಲ ಕಸ ಹಾಕಿ ಬಂದರು. ನಮ್ಮ ಮನೆಯಲ್ಲಿ ಅಷ್ಟು ಕಸ ಇರಲಿಲ್ಲ.

ಮರುದಿನ ವಿಜಯದಶಮಿ. ಸಂಜೆ ಆರಕ್ಕೆ ಅವರು ಬಾಲ್ಕನಿಯ ಬಾಗಿಲಲ್ಲಿ ಕುಳಿತು ಗುಂಡಿ ಒತ್ತಿದರು, ನಾನು ಸೋಫಾದಲ್ಲಿ ಪೆನ್ನು ಹಿಡಿದು ಕುಳಿತೆ. ತೂತುಗಳು ಗಂಧದಿಂದ ಮುಚ್ಚಿದ್ದವು. ಹಾಗಾಗಿ ಕಾಫಿ ಲೋಟದಿಂದ ಏಳುವಷ್ಟು ಆವಿ ಬಂದು ಆರಿಹೋಯಿತು. ಆ ಆವಿಯ ಹಿಂದೆ ನಮ್ಮ ಯಜಮಾನರು ಸ್ಪಷ್ಟವಾಗಿ ಕಂಡರು. ಎಡಗೈಯಲ್ಲಿ ಕುಂಕುಮವಿಟ್ಟ ತಮ್ಮ ಯಂತ್ರವಿತ್ತು, ಬಲಗೈಯಲ್ಲಿ ಆಗಷ್ಟೇ ಹಚ್ಚಿದ ಸಿಗರೇಟು.

ಹನ್ನೊಂದು ವಾರ, ದಿನವೂ ಆರು ಗಂಟೆಗೆ, ನನ್ನ ಕಣ್ಣೆದುರೇ ಅವರು ತಮ್ಮ ಮೋಡದೊಳಗೆ ಕುಳಿತು ಸಿಗರೇಟು ಸೇದಿದ್ದರು. ಸಿಗರೇಟಿನ ವಾಸನೆ ಮಾವಿನ ಪರಿಮಳದಲ್ಲಿ ಮುಳುಗಿಹೋಗಿತ್ತು, ನಾನು ಎದುರು ಕುಳಿತು ಆ ಮೋಡಕ್ಕೆ ಅಂಕ ಕೊಟ್ಟಿದ್ದೆ. ಇಷ್ಟು ನಾಜೂಕಾಗಿ ಕಣ್ಣಿಗೆ ಮಣ್ಣೆರಚುವ ಯಂತ್ರವನ್ನು ತಯಾರಿಸಿದ್ದಕ್ಕಾಗಿ ತಮ್ಮ ಎಂಜಿನಿಯರುಗಳನ್ನು ನಾನು ಮನಸಾರೆ ಅಭಿನಂದಿಸುತ್ತೇನೆ.

ನಾನು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಹೇಳಿದರು, “ಬಿಡ್ಲಿಕ್ಕೆ ಆಗ್ಲಿಲ್ಲ ಮಾರಾಯ್ತಿ. ನೀನು ಅಷ್ಟು ಖುಷಿಯಲ್ಲಿ ಬರೀತಾ ಇದ್ದಿ. ಎಂತ ಅಂತ ಹೇಳುದು?” ನಾನು ಹಲಗೆಯ ಮೇಲಿನ ಹಾಳೆಗಳನ್ನು ತಿರುವಿದೆ. ವ್ಯಾಟ್, ಸೆಕೆಂಡು, ಭುಜ, ಮುಖ ಎಲ್ಲ ಇತ್ತು. ಇವತ್ತು ಕಷ್ಟವಾಯಿತೇ ಎಂದು ಅವರನ್ನು ಕೇಳಿದ ಒಂದು ದಿನವೂ ಅದರಲ್ಲಿರಲಿಲ್ಲ. ಮಾನ್ಯರೇ, ಆ ಸಂಜೆ ನನಗೆ ತುಂಬ ಅಳು ಬಂತು. ಇದು ತಮ್ಮ ವಿಭಾಗಕ್ಕೆ ಸಂಬಂಧಿಸಿದ್ದಲ್ಲ, ಆದರೂ ತಿಳಿಸಿದ್ದೇನೆ.

ಆಮೇಲೆ ನರ್ಸಮ್ಮನ ಬಳಿ ಹೋಗಿ ಕ್ಷಮೆ ಕೇಳಿ, ಪಟ್ಟಿಯನ್ನೂ ಪೆನ್ನಿನಷ್ಟು ಸಣ್ಣ ವೇಪನ್ನೂ ತಂದೆವು. ಆವಿ ಎಷ್ಟು ಬರುತ್ತದೆಂದು ನಾನು ನೋಡಿಲ್ಲ. ಮೊದಲ ವಾರ ಇವರು ಮನೆಯಲ್ಲಿ ಪಾತ್ರೆಗಳ ಮೇಲೂ ಸಿಟ್ಟಾಗಿದ್ದರು. ಐದನೆಯ ದಿನ ನಾನಿಲ್ಲದಾಗ ತಮ್ಮ ಯಂತ್ರವನ್ನು ಹಳೆಯ ಟವೆಲಿನಲ್ಲಿ ಸುತ್ತಿ, ನನ್ನ ಹೆಸರಿನಲ್ಲಿ ತಮಗೆ ರಿಪೇರಿಗೆ ಕಳುಹಿಸಿಬಿಟ್ಟರು. ತಮ್ಮ ಕಾಗದ ಬಂದಾಗಲೇ ನನಗೆ ಇದು ಗೊತ್ತಾದದ್ದು. ಕೇಳಿದ್ದಕ್ಕೆ, ಆ ದಿನ ಮನಸ್ಸು ತಡೆಯಲಿಲ್ಲ ಎಂದು ಮುಚ್ಚಿಡದೆ ಒಪ್ಪಿಕೊಂಡರು. ಆದರೂ ಪಟ್ಟಿ ಅಂಟಿಸಿದ ದಿನದಿಂದ ಇಂದಿನವರೆಗೆ ಇಪ್ಪತ್ತಾರು ದಿನ ಸಿಗರೇಟು ಮುಟ್ಟಿಲ್ಲ. ಹೋದ ಗುರುವಾರ ಊದಿದಾಗ ಮೂರು ಬಂತು. ಜನವರಿಯಲ್ಲಿ ಆಪರೇಷನ್ ಎಂದು ಆಸ್ಪತ್ರೆಯವರು ದಿನವನ್ನೂ ಗೊತ್ತುಮಾಡಿದ್ದಾರೆ. ಇಂಥ ಹೊತ್ತಿನಲ್ಲಿ ತಾವು ಮುನ್ನೂರು ವ್ಯಾಟಿನ ಮೋಡವೊಂದನ್ನು ಪ್ರೀತಿಯಿಂದ ಮನೆಯ ಬಾಗಿಲಿಗೆ ಕಳುಹಿಸುತ್ತಿದ್ದೀರಿ.

ಆದ್ದರಿಂದ ಮೊದಲು ಆ ಪಾರ್ಸೆಲನ್ನು ದಾರಿಯಲ್ಲೇ ಹಿಂದಕ್ಕೆ ಕರೆಸಿಕೊಳ್ಳಬೇಕಾಗಿ ಬೇಡುತ್ತೇನೆ. ಅದು ಸಾಧ್ಯವಿಲ್ಲವೆಂದಾದರೆ, ಮೋಡದ ನಡುವೆ ಅಂಗೈಯಗಲದ ಕಿಟಕಿಯೊಂದನ್ನು ಬಿಡುವ ಏರ್ಪಾಡು ಮಾಡಬಹುದು, ಅಥವಾ ಒಳಗೆ ಕುಳಿತವರ ಬಲಗೈಯಲ್ಲಿ ಏನಿದೆಯೆಂದು ಯಂತ್ರವೇ ಪ್ರತಿ ಸಂಜೆ ಕನ್ನಡದಲ್ಲಿ ಘೋಷಿಸುವಂತೆ ಮಾಡಬಹುದು. ಮೊದಲ ಪುಟದಲ್ಲಿರುವ ನನ್ನ ಮಾತನ್ನು ತೆಗೆಯಲು ಮನಸ್ಸಿಲ್ಲದಿದ್ದರೆ ಇರಲಿ, ಸುಳ್ಳೇನಲ್ಲ. ಅದರ ಕೆಳಗೆ ‘ಇದೇ ದೂರು’ ಎಂದು ಎರಡು ಪದ ಸೇರಿಸಿದರೆ ಸಾಕು. ಇನ್ನು ಮುಂದೆ ಯಂತ್ರದ ಸಾಮರ್ಥ್ಯ ಪರೀಕ್ಷಿಸುವಾಗ ತಮ್ಮ ತಂತ್ರಜ್ಞರು ಆವಿಯ ದಟ್ಟಣೆಯ ಜೊತೆಗೆ ಎದುರಿನ ಸೋಫಾದಲ್ಲಿ ಒಬ್ಬ ಹೆಂಡತಿಯನ್ನೂ ಕೂರಿಸಿ ನೋಡಬೇಕೆಂದು ಕೋರುತ್ತೇನೆ. ಯಾರೂ ಸಿಗದಿದ್ದರೆ ನಾನು ಬರಲು ಸಿದ್ಧ, ಅನುಭವವಿದೆ.

ತಮ್ಮ ಸಂತೋಷಕ್ಕೆ ಭಂಗ ತಂದದ್ದಕ್ಕೆ ವಿಷಾದಿಸುತ್ತಾ,

ಈವರೆಗೆ ತಮ್ಮಲ್ಲಿ ಅತಿಯಾಗಿ ವಿಶ್ವಾಸವಿಟ್ಟಿದ್ದ,
ಗುಲಾಬಿ

ತಾಜಾ ಕಲಂ: ಕಾಗದವನ್ನು ಲಕೋಟೆಗೆ ಹಾಕುವಷ್ಟರಲ್ಲಿ ಬಾಗಿಲು ತಟ್ಟಿ ತಮ್ಮ ಪಾರ್ಸೆಲ್ ಬಂತು. ತೆಗೆದುಕೊಂಡದ್ದು ಯಜಮಾನರೇ. ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು, “ವಾಪಸ್ ಹಾಕಿ ಬರ್ತೇನೆ, ನೀನು ಬರುದು ಬೇಡ” ಎಂದರು. ಪೋಸ್ಟ್ ಆಫೀಸಿಗೆ ನಾನು ನಡೆದರೆ ಹನ್ನೆರಡು ನಿಮಿಷ. ಅವರು ಹಿಂತಿರುಗಲು ಒಂದೂ ಕಾಲು ಗಂಟೆಯಾಯಿತು. ಅಷ್ಟೂ ಹೊತ್ತು ನಾನು ಏನೇನೆಲ್ಲ ಯೋಚಿಸಿದೆನೆಂದು ಇಲ್ಲಿ ಬರೆಯುವುದಿಲ್ಲ. ಪಾರ್ಸೆಲ್ ಅಂಟು ಬಿಚ್ಚದೆ ತಮಗೆ ತಲುಪುತ್ತದೆ, ಅನುಮಾನವಿದ್ದರೆ ಪರೀಕ್ಷಿಸಿಕೊಳ್ಳಿ. ಬಾಗಿಲಲ್ಲಿ ನಾನು ಅವರ ಅಂಗಿಗೆ ಮೂಗು ಹಚ್ಚಿದೆ, ಅವರು ಏರ್‌ಪೋರ್ಟಿನಲ್ಲಿ ತಪಾಸಣೆಗೆ ನಿಂತವರ ಹಾಗೆ ಎರಡೂ ಕೈ ಮೇಲೆತ್ತಿ ನಿಂತರು. ಸಿಗರೇಟಿನದಿರಲಿಲ್ಲ, ಆ ಕಾಲಿನಲ್ಲಿ ನಿಂತು ನಿಂತು ನಡೆದ ಬರೀ ಬೆವರಿನ ವಾಸನೆಯಿತ್ತು. ಇದನ್ನು ತಮ್ಮ ಸುವಾಸನೆಗಳ ಪಟ್ಟಿಗೆ ಸೇರಿಸುವ ಯೋಚನೆ ಬಂದರೆ ದಯವಿಟ್ಟು ಸೇರಿಸಬೇಡಿ, ಅದು ನನಗೊಬ್ಬಳಿಗೇ ಇರಲಿ.