ಅತ್ತೆಯ ಸೂಜಿಗಲ್ಲು

ನಮ್ಮ ಸೋದರತ್ತೆಯನ್ನು ಮದುವೆಗೆ ಕರೆಯುವ ಮುನ್ನ ನಾಲ್ಕು ಸಲ ಯೋಚಿಸಿ! ಊಟ ಜಾಸ್ತಿ ಮಾಡುತ್ತಾರೆಂದಲ್ಲ. ಅವರ ಸೊಂಟದ ಎಲೆಯಡಿಕೆ ಚೀಲದಲ್ಲಿ ಒಂದು ಸೂಜಿಗಲ್ಲು, ಅಂದರೆ ಮ್ಯಾಗ್ನೆಟ್ಟು, ಇರುತ್ತದೆ. ನಮ್ಮದು ಅಕ್ಕಸಾಲಿಗರ ಮನೆ. ಚಿನ್ನದ ಪುಡಿಯಲ್ಲಿ ಬೆರೆತ ಕಬ್ಬಿಣದ ಚೂರು ತೆಗೆಯಲು ತಾತ ಬಳಸುತ್ತಿದ್ದ ಕಲ್ಲು ಅದು. ಅಂಗಡಿ ಗಂಡುಮಕ್ಕಳ ಪಾಲಾಯಿತು. ಅತ್ತೆಗೆ ಸಿಕ್ಕಿದ್ದು ಇದೊಂದೇ.

ಅಂದಿನಿಂದ ಲೋಕಕ್ಕೆಲ್ಲ ಪರೀಕ್ಷೆ! ನಾಗಮಂಗಲದ ಮದುವೆಯೊಂದರಲ್ಲಿ ವರನ ಕೊರಳ ಸರಕ್ಕೇ ಕಲ್ಲು ಹಿಡಿದರು. ಟಪ್ಪನೆ ಅಂಟಿತು. "ಗಂಡು ಎಂಗೋ ಗೊತ್ತಿಲ್ಲ, ಸರ ಮಾತ್ರ ಕಬ್ಣ ಕಣ್ರವ್ವಾ" ಎಂದರು. ಆ ಬೀಗರು ಇವತ್ತಿಗೂ ನಮ್ಮ ಮನೆಗೆ ಕಾಲಿಟ್ಟಿಲ್ಲ.

ಇಂಥವರನ್ನು ನನ್ನ ತಂಗಿಯ ಕಾಫಿ ಅಂಗಡಿಯ ಉದ್ಘಾಟನೆಗೆ ಕರೆಯಲು ಹೆದರಿಕೆಯಾಗದೆ ಇರುತ್ತದೆಯೇ? ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕ ಅಂಗಡಿ ಇಡಲು ತಂಗಿ, ತಾತ ಮಾಡಿಕೊಟ್ಟಿದ್ದ ಬಳೆ ಮಾರಿ ಎಸ್ಪ್ರೆಸೊ ಮಿಷನ್ನು ತಂದಿದ್ದಳು. ಆವತ್ತೇ ಅತ್ತೆ ಅವಳೊಡನೆ ಮಾತು ಬಿಟ್ಟರು. ಆದರೂ ಕೆ.ಆರ್. ಪೇಟೆಯಿಂದ ಮೊದಲ ಬಸ್ಸಿಗೇ ಬಂದು, ಮುಖ ತಿರುಗಿಸಿಕೊಂಡು ಕೂತರು.

ಅಂದೇ ಮಿಷನ್ನು ಕೈಕೊಡಬೇಕೆ! ಹಿಡಿಕೆ ತಿರುಗಿಸಿದರೆ ಅದರೊಳಗಿನ ಮ್ಯಾಗ್ನೆಟ್ಟು ಒಂದು ಪುಟ್ಟ ಸ್ವಿಚ್ಚಿನ ಹತ್ತಿರ ಬರಬೇಕು, ಆಗ ನೀರು ಇಳಿಯಬೇಕು. ಒಂದು ತೊಟ್ಟೂ ಇಲ್ಲ. ಪಕ್ಕದಂಗಡಿಯ ಎಲೆಕ್ಟ್ರಿಷಿಯನ್ ಕರೆಂಟು ತೆಗೆದು, ಸ್ವಿಚ್ಚು ಬಿಚ್ಚಿ, ಅದಕ್ಕೆ ಮೀಟರಿನ ಕಡ್ಡಿಗಳನ್ನು ಹಚ್ಚಿ, ಹಿಡಿಕೆಯನ್ನು ಹತ್ತಿರ ತಂದ. ಸ್ವಿಚ್ಚು ಸರಿಯಿದ್ದರೆ ಮೀಟರು 'ಕೀ' ಎನ್ನಬೇಕು. ಎನ್ನಲಿಲ್ಲ. ಮಿಷನ್ನಿನ ಜೊತೆ ಬದಲಿಗೆಂದು ಬಂದಿದ್ದ ಹೊಸ ಸ್ವಿಚ್ಚಿಗೂ ಸದ್ದಿಲ್ಲ.

"ಎಲ್ಡೂ ಓಗವೆ ಕಣಕ್ಕಾ. ಬ್ಯಾರೇದು ಬರಕ್ಕೆ ವಾರ ಆಯ್ತದೆ."

'ಫಿಲ್ಟರ್ ಕಾಫಿ ಬಿಟ್ಟು ಇದೇನು ಹುಚ್ಚು' ಎಂದಿದ್ದ ನೆಂಟರೆಲ್ಲ ಹೊರಗೆ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ತಂಗಿ ಬಳೆಯಿಲ್ಲದ ಬರಿಗೈಯಲ್ಲಿ ಖಾಲಿ ಕಪ್ಪುಗಳನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಆಗಲೇ ಅತ್ತೆ ಎದ್ದರು. ಅಯ್ಯೋ ದೇವರೇ!

"ಇದ್ರಾಗೂ ಬರೀ ಕಬ್ಣವೇ ತುಂಬವ್ರೋ ಏನೋ, ನೋಡವಾ" ಎಂದು ಮೀಟರಿನ ಕಡ್ಡಿಗೆ ಹಚ್ಚಿದ್ದ ಸ್ವಿಚ್ಚಿಗೆ ಕಲ್ಲು ಹಿಡಿದೇಬಿಟ್ಟರು.

ಕೀ!

"ಇನ್ನೊಂದ್ಸಲ ಹಿಡೀರವ್ವಾ" ಎಂದ ಎಲೆಕ್ಟ್ರಿಷಿಯನ್. ಕೀ! ಹಳೆಯ ಸ್ವಿಚ್ಚಿಗೂ ಕೀ! ಪಾಪ, ಸ್ವಿಚ್ಚುಗಳ ತಪ್ಪೇನೂ ಇರಲಿಲ್ಲ; ಸತ್ತಿದ್ದು ಹಿಡಿಕೆಯ ಮ್ಯಾಗ್ನೆಟ್ಟು.

"ಅವ್ವಾ, ಈ ಕಲ್ಲೊಂದು ಸಿಕ್ಕಿದ್ರೆ..." ಎಂದು ಅವನು ಬಾಯಿಬಿಟ್ಟ. ನಾನು ಕಣ್ಣು ಮುಚ್ಚಿಕೊಂಡೆ. ಅದನ್ನು ಮುಟ್ಟಿದ ಮಕ್ಕಳ ಬೆನ್ನಿನ ಗತಿ ನನಗೆ ಗೊತ್ತಿಲ್ಲವೇ!

"ಬ್ಯಾಡ ಬುಡಣ್ಣ, ಅದು ತಾತಂದು" ಎಂದಳು ತಂಗಿ.

ಅತ್ತೆ ಅವಳ ಕೈಯನ್ನೇ ನೋಡಿದರು. ಎಷ್ಟೋ ತಿಂಗಳ ಮೇಲೆ ಅವಳೊಡನೆ ಮಾತಾಡಿದರು: "ಅಪ್ಪನ ಬಳೆ ಈ ಮಿಷನ್ನೊಳಕ್ಕೇ ತಾನೇ ಓಗಿದ್ದು? ಅದ್ರ ಜೊತ್ಗೆ ಇದೂ ಇರ್ಲಿ, ತಗಳವ್ವಾ."

ಎಲೆಕ್ಟ್ರಿಷಿಯನ್ ಸ್ವಿಚ್ಚನ್ನು ಮತ್ತೆ ಕೂರಿಸಿ, ಕಲ್ಲನ್ನು ಹಿಡಿಕೆಗೆ ಇಟ್ಟು ಟೇಪು ಸುತ್ತಿ, ಕರೆಂಟು ಕೊಟ್ಟ. ತಂಗಿ ತಿರುಗಿಸಿದಳು. ಕಾಫಿ ಇಳಿಯಿತು. ಮೊದಲ ಕಪ್ಪು ಅತ್ತೆಗೆ. "ಕಹಿ!" ಎಂದು ಮುಖ ಕಿವುಚಿದರು, ತಳ ಕಾಣುವವರೆಗೂ ಕುಡಿದರು.

ಸಂಜೆ ಬಸ್ಸು ಹತ್ತುವಾಗ ಅವರ ಕೈ ಎಂದಿನಂತೆ ಸೊಂಟದ ಚೀಲವನ್ನು ತಡಕಿತು. ತಡಕಿ, ಸುಮ್ಮನೆ ಕೆಳಗಿಳಿಯಿತು. ರೇಗಿಸಬೇಕೆಂದು ಬಾಯಿ ತೆರೆದ ನಾನು ಅಲ್ಲೇ ಅತ್ತುಬಿಟ್ಟೆ.